ಅವರು ಬೇಡವೆಂದ ಮೂರನೇ ಟೇಕ್

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಫೋನ್ ಮಾಡಿದ ಮನುಷ್ಯ, ಶುಕ್ರವಾರ ಸಂಜೆಯೊಳಗೆ ಒಂದು ದೇಶಭಕ್ತಿಗೀತೆ ಬೇಕು ಎಂದ. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕು ಎನ್ನುವ ಧಾಟಿಯಲ್ಲೇ ಹೇಳಿದ. ಅಂಜನಾಪುರದ ಆಚೆ ಸೈಟು ಮಾರುವ ಒಂದು ಲೇಔಟ್ ಕಂಪನಿಯ ಮ್ಯಾನೇಜರ್ ಆತ. ಅವರ ಜಾಹೀರಾತಿನ ಜಿಂಗಲ್ಲುಗಳನ್ನು ಹಿಂದೆ ಎರಡು ಸಲ ನನ್ನ ಸ್ಟುಡಿಯೋದಲ್ಲೇ ರೆಕಾರ್ಡ್ ಮಾಡಿದ್ದೆವು.

ಗಡಿಯಲ್ಲಿ ಗುಂಡು ಹಾರತೊಡಗಿ ಆಗ ನಾಲ್ಕು ದಿನವಾಗಿತ್ತು. ಟೀವಿಯವರು ಗಂಟೆಗೊಂದು ಯುದ್ಧ ಗೆಲ್ಲುತ್ತಿದ್ದರು. ಬನಶಂಕರಿಯಲ್ಲಿ ನನ್ನ ಸ್ಟುಡಿಯೋ ಇರುವುದು ಒಂದು ದಿನಸಿ ಅಂಗಡಿಯ ಮೇಲೆ. ಆ ಅಂಗಡಿಗೆ ಜನ ಮುಗಿಬಿದ್ದು ಅಕ್ಕಿ, ಎಣ್ಣೆ, ಮೇಣದಬತ್ತಿ ಹೊತ್ತೊಯ್ಯುತ್ತಿದ್ದರು. ಗಡಿ ಎಲ್ಲಿ, ಬನಶಂಕರಿ ಎಲ್ಲಿ ಎಂದು ನಾನು ಮೊದಲೆರಡು ದಿನ ನಕ್ಕೆ. ಮೂರನೇ ದಿನ ನಾನೂ ಹತ್ತು ಕೆಜಿ ಅಕ್ಕಿ ತಂದಿಟ್ಟೆ.

"ಸಾರ್, ಜನ ತುಂಬಾ ಭಯದಲ್ಲಿದಾರೆ. ಒಂದು ಸಮಾಧಾನದ ಹಾಡು ಕೊಡೋಣ ಅಂತ ನಮ್ಮ ಎಂಡಿಯವರ ಆಸೆ" ಎಂದ ಮ್ಯಾನೇಜರ್. "ಕೊನೇಲಿ ನಮ್ಮ ಲೋಗೋ ಬಂದ್ರೆ ಸಾಕು. ಸೈಟಿನ ರೇಟ್ ಗೀಟ್ ಏನೂ ಹಾಕೋದು ಬೇಡ."

ಸೈಟಿನ ರೇಟ್ ಹಾಕದಿರುವುದೇ ದೇಶಕ್ಕೆ ಮಾಡುವ ತ್ಯಾಗ ಎಂಬಂತಿತ್ತು ಅವನ ದನಿ. ನಾನು ಒಪ್ಪಿಕೊಂಡೆ. ನಾನು ಹಾಡು ಬರೆಯುವವನಲ್ಲ, ಹಾಡುವವನೂ ಅಲ್ಲ. ಸೌಂಡ್ ಎಂಜಿನಿಯರ್. ಬೇರೆಯವರು ಹಾಡಿದ್ದನ್ನು ಹಿಡಿದು, ತೊಳೆದು, ಒಪ್ಪ ಮಾಡಿ ಕೊಡುವುದು ನನ್ನ ಕಸುಬು. ಬಂದ ಕೆಲಸವನ್ನು ಬೇಡ ಎನ್ನುವ ಅಭ್ಯಾಸ ನನಗಿಲ್ಲ.

ಮಂಗಳವಾರ ಸಂಗೀತ ನಿರ್ದೇಶಕ ಬಂದ. ನನಗೆ ಇಪ್ಪತ್ತು ವರ್ಷದ ಗೆಳೆಯ. ಅವನು ಮೊದಲು ಮಾಡಿದ್ದು ಡ್ರಮ್ಮು, ಕಹಳೆ ಎಲ್ಲ ಸೇರಿಸಿದ ಒಂದು ಕವಾಯತು. ಮ್ಯಾನೇಜರ್ ಫೋನಿನಲ್ಲಿ ಕೇಳಿ "ಸಖತ್ ಜೋಶ್ ಇದೆ ಸಾರ್" ಎಂದ. ಗೆಳೆಯ ಮಾತ್ರ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

"ಗುರು, ನಮ್ಮ ಎದುರುಮನೆ ಅಜ್ಜಿ ನಿನ್ನೆ ಪಟಾಕಿ ಸದ್ದಿಗೆ ಮಂಚದ ಕೆಳಗೆ ಕೂತ್ಕೊಂಡ್ರು. ಹೆದರಿರೋರ ಮುಂದೆ ಡ್ರಮ್ ಬಾರಿಸಿದ್ರೆ ಇನ್ನೂ ಹೆದರ್ತಾರೆ. ಇದು ಗೆದ್ದ ಮೇಲೆ ಹಾಕೋ ಹಾಡು, ಈಗಲ್ಲ."

ಡ್ರಮ್ಮನ್ನೆಲ್ಲ ತೆಗೆದ. ಲಯವನ್ನು ನಿಮಿಷಕ್ಕೆ ತೊಂಬತ್ತಾರು ಪೆಟ್ಟಿನಿಂದ ಅರವತ್ತೆಂಟಕ್ಕೆ ಇಳಿಸಿದ. ತಂಬೂರಿ, ಒಂದು ಕೊಳಲು, ಎರಡನೇ ಚರಣದಿಂದ ಮೆಲ್ಲನೆ ಸೇರಿಕೊಳ್ಳುವ ಢೋಲಕ್, ಇಷ್ಟೇ ಉಳಿಯಿತು. ದೇಶ್ ರಾಗದಲ್ಲಿ ಜೋಗುಳದ ನಡೆ. ಸಾಹಿತ್ಯವನ್ನೂ ಅವನೇ ತಿದ್ದಿದ. ವೈರಿಯ ಎದೆ ಸೀಳುವ ಸಾಲುಗಳು ಹೋಗಿ, ಮನೆಯಲ್ಲಿ ಕಾಯುತ್ತಿರುವ ತಾಯಿಯೊಬ್ಬಳು ಬಂದಳು. ಹಾಡಿನ ಕೊನೆಯ ಸಾಲು ಹೀಗಿತ್ತು: ಬಾಗಿಲು ತೆರೆದೇ ಇದೆ, ಬಂದುಬಿಡು ಕಂದ.

ಹಾಡಬೇಕಾದವರು ಹೆಸರಾಂತ ಗಾಯಕಿ. ಅವರು ಸಿಗುವುದು ಗುರುವಾರ ಬೆಳಿಗ್ಗೆ ಒಂದೇ ಗಂಟೆ. ಇಂಥವರು ಸ್ಟುಡಿಯೋಗೆ ಬಂದು ಹಾಡು ಕಲಿಯುತ್ತ ಕೂರುವುದಿಲ್ಲ. ಅದಕ್ಕಾಗಿ ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಮೊದಲು ಬೇರೊಬ್ಬರಿಂದ ಇಡೀ ಹಾಡನ್ನು ಹಾಡಿಸಿ ಇಟ್ಟುಕೊಳ್ಳುತ್ತೇವೆ. ಅದಕ್ಕೆ ಟ್ರ್ಯಾಕ್ ಹಾಡುವುದು ಎನ್ನುತ್ತಾರೆ. ದೊಡ್ಡವರು ಬಂದು, ಒಂದು ಕಿವಿಯಲ್ಲಿ ಆ ಟ್ರ್ಯಾಕ್ ಕೇಳಿಕೊಳ್ಳುತ್ತ, ಅದರ ಮೇಲೆ ತಮ್ಮ ದನಿ ಹಾಕಿ ಹೋಗುತ್ತಾರೆ. ಎಲ್ಲಿ ಉಸಿರು, ಎಲ್ಲಿ ಗಮಕ, ಎಲ್ಲಿ ಮೆತ್ತಗೆ ಎಂಬುದೆಲ್ಲ ಟ್ರ್ಯಾಕ್ ಹಾಡಿದವರದ್ದೇ. ಆಮೇಲೆ ಟ್ರ್ಯಾಕನ್ನು ಅಳಿಸುತ್ತೇವೆ. ಹಾಡಿದವರ ಹೆಸರು ಎಲ್ಲೂ ಬರುವುದಿಲ್ಲ, ಬರಬೇಕೆಂದು ಯಾರೂ ಕೇಳುವುದೂ ಇಲ್ಲ.

ನಮಗೆ ಟ್ರ್ಯಾಕ್ ಹಾಡುತ್ತಿದ್ದವರು ಕುಮಾರಸ್ವಾಮಿ ಲೇಔಟಿನ ಒಬ್ಬ ಸಂಗೀತದ ಟೀಚರ್. ಮನೆಯ ಹಾಲ್‌ನಲ್ಲೇ ಮಕ್ಕಳಿಗೆ ಪಾಠ ಹೇಳುತ್ತಾರೆ. ವಯಸ್ಸು ನಲವತ್ತೇಳೋ ನಲವತ್ತೆಂಟೋ. ಐದೂವರೆ ಮನೆ ಶ್ರುತಿಯಲ್ಲಿ ನಿರಾಯಾಸವಾಗಿ ಹಾಡುತ್ತಿದ್ದರು, ಹೇಳಿದ್ದನ್ನು ಒಂದೇ ಸಲಕ್ಕೆ ಹಿಡಿಯುತ್ತಿದ್ದರು. ಹನ್ನೊಂದು ವರ್ಷದಿಂದ ಬರುತ್ತಿದ್ದರೂ ಅವರ ಮನೆಯ ವಿಷಯ ನನಗೆ ಹೆಚ್ಚು ಗೊತ್ತಿರಲಿಲ್ಲ. ಕೇಳಿರಲಿಲ್ಲ ಎನ್ನುವುದೇ ಸರಿ.

ಬುಧವಾರ ಮಧ್ಯಾಹ್ನ ಮೂರಕ್ಕೆ ಬಂದರು. ಸಾಹಿತ್ಯದ ಹಾಳೆ ಓದಿ, ಮಡಿಸಿ, ಮತ್ತೆ ಬಿಡಿಸಿ ಓದಿದರು.

"ಮೇಡಂ, ಏನಾದ್ರೂ ಬದಲಾಯಿಸಬೇಕಾ?" ಎಂದೆ.

"ಬೇಡ ಸಾರ್, ಚೆನ್ನಾಗಿದೆ. ಹಾಡ್ತೀನಿ."

ಏಸಿ ಆರಿಸಿದೆ, ಇಲ್ಲದಿದ್ದರೆ ಅದರ ಗುಂಯ್ ಎನ್ನುವ ಸದ್ದು ಮೈಕಿಗೆ ಬೀಳುತ್ತದೆ. ಮೊದಲನೇ ಟೇಕ್‌ನಲ್ಲಿ ಪಕ್ಕದ ಮನೆಯ ಕುಕ್ಕರ್ ಕೂಗಿತು. ಎರಡನೆಯದು ನೀಟಾಗಿ ಹೋಗುತ್ತಿತ್ತು. ಎರಡನೇ ಚರಣದ ಹೊತ್ತಿಗೆ, ಸರಿಯಾಗಿ ನಾಲ್ಕು ಗಂಟೆಗೆ, ಊರಿನ ಸೈರನ್ ಹೊಡೆಯಿತು. ಯುದ್ಧದ ತಾಲೀಮಿಗೆ ಸೈರನ್ ಬಾರಿಸುತ್ತೇವೆ, ಯಾರೂ ಗಾಬರಿಯಾಗಬೇಡಿ ಎಂದು ಹಿಂದಿನ ದಿನವೇ ಎಲ್ಲರ ಫೋನಿಗೂ ಬಂದಿತ್ತು. ನನಗೆ ಮರೆತೇ ಹೋಗಿತ್ತು. ಗೋಡೆಗೆ ಹೊಡೆದ ಫೋಮು, ಎರಡು ಪದರದ ಗಾಜು, ಎಲ್ಲ ದಾಟಿ ಆ ಸದ್ದು ಒಳಗೆ ಬಂತು. ಗಾಜಿನ ಆಚೆ ಅವರು ಹೆಡ್‌ಫೋನಿನ ಮೇಲೆ ಎರಡೂ ಕೈ ಒತ್ತಿಕೊಂಡು ನಿಂತುಬಿಟ್ಟರು.

ಸೈರನ್ ನಿಂತ ಮೇಲೆ ಹತ್ತು ನಿಮಿಷ ಕಾದೆವು. ನೀರು ಕೊಟ್ಟೆ. ಕುಡಿದು, "ಹಾಕಿ ಸಾರ್" ಎಂದರು.

ಮೂರನೇ ಟೇಕ್. ಪಲ್ಲವಿ, ಮೊದಲ ಚರಣ ಸರಿಯಾಗಿ ಬಂದವು. ಕೊನೆಯ ಸಾಲಿಗೆ ಬಂದಾಗ, ಬಂದುಬಿಡು ಎನ್ನುವಲ್ಲಿ ದನಿ ಒಡೆಯಿತು. ಅವರು ನಿಲ್ಲಿಸಲಿಲ್ಲ. ಒಡೆದ ದನಿಯಲ್ಲೇ ಕಂದ ಎನ್ನುವುದನ್ನು ಹಿಡಿದು ಷಡ್ಜಕ್ಕೆ ತಂದು ನಿಲ್ಲಿಸಿದರು, ಶ್ರುತಿ ಒಂದಿಷ್ಟೂ ಜಾರಲಿಲ್ಲ. ಆಮೇಲೆ ಅತ್ತರು. ಮೈಕ್ ಇನ್ನೂ ಓಡುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ನಾನು ಆ ಕೋಣೆಯೊಳಗೆ ಅಂಥದ್ದನ್ನು ಕೇಳಿರಲಿಲ್ಲ. ನಾಚಿಕೆಯಿಂದ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಮೊದಲು ಅನ್ನಿಸಿದ್ದು ಎಂಥ ಟೇಕು ಎಂದೇ.

ಹೊರಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡರು.

"ಸಾರ್, ಅದನ್ನ ಡಿಲೀಟ್ ಮಾಡಿಬಿಡಿ. ಇನ್ನೊಂದು ಸಲ ಹಾಡ್ತೀನಿ."

"ಏನಾಯ್ತು ಮೇಡಂ?"

"ನನ್ನ ಮಗ ಅಲ್ಲೇ ಇದಾನೆ ಸಾರ್, ಬಾರ್ಡರಲ್ಲಿ. ಆರು ದಿನ ಆಯ್ತು ಫೋನಿಲ್ಲ. ಫೋನೆಲ್ಲ ಇಸ್ಕೊಂಡಿದಾರಂತೆ."

ನಾನು ಕುರ್ಚಿ ಎಳೆದುಕೊಟ್ಟೆ. ಅವರು ನಿಂತೇ ಮಾತು ಮುಂದುವರಿಸಿದರು.

"ಅವರಪ್ಪ ಹೋದಾಗ ಅವನಿಗೆ ಹನ್ನೆರಡು ವರ್ಷ. ನಾನು ಅಳೋದು ನೋಡಿ ಎರಡು ದಿನ ಊಟಾನೂ ಮಾಡ್ಲಿಲ್ಲ, ಮಾತೂ ಆಡ್ಲಿಲ್ಲ. ಅವತ್ತು ತೀರ್ಮಾನ ಮಾಡ್ದೆ ಸಾರ್, ಇವನ ಮುಂದೆ ಇನ್ನು ಅಳಬಾರದು ಅಂತ. ಸೇನೆಗೆ ಸೇರ್ತೀನಿ ಅಂದಾಗ್ಲೂ ಅಳ್ಲಿಲ್ಲ. ಟ್ರೈನ್ ಹತ್ತಿಸಿದಾಗ್ಲೂ ಅಳ್ಲಿಲ್ಲ. ಫೋನಲ್ಲಿ ಯಾವಾಗ್ಲೂ ನಗ್ತಾನೇ ಮಾತಾಡ್ತೀನಿ. ಅಮ್ಮ ಗಟ್ಟಿಯಾಗಿದಾಳೆ ಅನ್ನೋ ಧೈರ್ಯದಲ್ಲಿ ಅವನು ಅಲ್ಲಿರೋದು. ಇದು ಅವನ ಕಿವಿಗೆ ಬೀಳಬಾರದು."

"ಟ್ರ್ಯಾಕ್ ತಾನೇ ಮೇಡಂ, ಯಾರು ಕೇಳ್ತಾರೆ" ಎಂದೆ.

"ಆದ್ರೂ ಡಿಲೀಟ್ ಮಾಡಿ."

"ಆಯ್ತು, ಮಾಡ್ತೀನಿ."

ನಾಲ್ಕನೇ ಟೇಕನ್ನು ಒಂದೂ ಕಡೆ ನಿಲ್ಲದೆ ಹಾಡಿ, ಐದೂವರೆಯ ಬಸ್ಸಿಗೆ ಹೊರಟುಹೋದರು. ನಾನು ಮೂರನೆಯದನ್ನು ಅಳಿಸಲಿಲ್ಲ, ಮ್ಯೂಟ್ ಮಾಡಿಟ್ಟೆ. ಕೆಲಸ ಮುಗಿಯುವ ತನಕ ಏನನ್ನೂ ಅಳಿಸಬಾರದು ಎನ್ನುವುದು ನಮ್ಮ ಕಸುಬಿನವರ ಚಟ. ಯಾವುದು ಯಾವಾಗ ಬೇಕಾಗುತ್ತದೋ ಎಂಬ ಆಸೆಬುರುಕತನ ಅದು. ಚಟ ಎಂದು ಹೇಳಿ ತಪ್ಪಿಸಿಕೊಳ್ಳಲಾರೆ. ಅವರ ಮುಖ ನೋಡಿಕೊಂಡು ಮಾಡ್ತೀನಿ ಎಂದವನು ನಾನು.

ಗುರುವಾರ ಹನ್ನೊಂದಕ್ಕೆ ಹೆಸರಾಂತ ಗಾಯಕಿ ಬಂದರು. ಒಳ್ಳೆಯ ಹೆಂಗಸು, ಶ್ರುತಿ ಗಟ್ಟಿ, ಕೆಲಸದಲ್ಲಿ ಬಲು ಚುರುಕು. ಟ್ರ್ಯಾಕ್ ಎರಡು ಸಲ ಕೇಳಿ, ನಲವತ್ತು ನಿಮಿಷದಲ್ಲಿ ಹಾಡಿ ಮುಗಿಸಿದರು. ಎಲ್ಲ ಸ್ವರ ಅದರದರ ಜಾಗದಲ್ಲಿತ್ತು. ಕೊನೆಯ ಸಾಲು ಮಾತ್ರ ಬಾಗಿಲ ಬಳಿ ನಿಂತು ಹಾಲಿನವನನ್ನು ಕರೆದಂತಿತ್ತು. ಇನ್ನೊಂದು ಸಲ ಹಾಡಿಸೋಣವೆಂದರೆ ಕೆಳಗೆ ಕಾರು ಕಾಯುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಎಲ್ಲ ಕೂಡಿಸಿದ ಮಿಕ್ಸ್ ಕೇಳಲು ಮ್ಯಾನೇಜರ್ ತಾನೇ ಬಂದ. ಕಣ್ಣು ಮುಚ್ಚಿ ಕೇಳಿ, ಕಣ್ಣು ಬಿಟ್ಟು, "ಎಲ್ಲಾ ಕರೆಕ್ಟಾಗಿದೆ ಸಾರ್. ಆದ್ರೆ ಫೀಲ್ ಇಲ್ಲ" ಎಂದ. ಸೈಟು ಮಾರುವವನ ಬಾಯಿಂದ ಇದನ್ನು ಕೇಳಬೇಕಾಯಿತಲ್ಲ ಎಂದು ಮೈ ಉರಿಯಿತು. ಉರಿದದ್ದು ಅವನು ಹೇಳಿದ್ದು ನಿಜವಾಗಿದ್ದರಿಂದ. ಸಂಜೆ ಆರಕ್ಕೆ ಹಾಡು ಬೇಕು ಎಂದು ನೆನಪಿಸಿ ಹೋದ.

ಮಧ್ಯಾಹ್ನದ ತನಕ ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಮಾಡಿದೆ. ಕೊಳಲನ್ನು ಹಿಂದೆ ಸರಿಸಿದೆ, ದನಿಗೆ ಮಾರ್ದನಿ ಹೆಚ್ಚಿಸಿದೆ, ಕೊನೆಯ ಸಾಲಿನಲ್ಲಿ ಢೋಲಕ್ ನಿಲ್ಲಿಸಿದೆ. ಹಾಲಿನವನು ಹೋಗಲಿಲ್ಲ. ಗೆಳೆಯನಿಗೆ ಫೋನ್ ಮಾಡಿದರೆ "ಇರೋದ್ರಲ್ಲಿ ಮಾಡು ಗುರು" ಎಂದ. ಎರಡೂವರೆಗೆ ಮೂರನೇ ಟೇಕಿನ ಮ್ಯೂಟ್ ತೆಗೆದೆ.

ಒಂದು ದನಿಯ ಕೆಳಗೆ ಇನ್ನೊಂದನ್ನು ತೆಳ್ಳಗೆ ಒತ್ತಿಡುವುದು ಹೊಸದೇನಲ್ಲ. ಗಾಯಕಿ ಟ್ರ್ಯಾಕ್ ಕೇಳುತ್ತಲೇ ಹಾಡಿದ್ದರಿಂದ ಇಬ್ಬರ ಉಸಿರೂ ಒಂದೇ ಕಡೆ ಬಿದ್ದಿತ್ತು. ಕೊನೆಯ ನಾಲ್ಕು ಸಾಲುಗಳನ್ನಷ್ಟೇ ಕತ್ತರಿಸಿಕೊಂಡೆ. ಅಕ್ಷರಕ್ಕೆ ಅಕ್ಷರ ಕೂಡಿಸಿದೆ. ದನಿಯ ಚೂಪನ್ನು ಇಳಿಸಿ, ಹದಿನಾಲ್ಕು ಡೆಸಿಬೆಲ್ ಕೆಳಗಿಟ್ಟೆ. ಈಗ ಬೇರೆ ದನಿ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹೆಸರಾಂತ ಗಾಯಕಿಯೇ ಒಳಗೊಳಗೆ ಅಳುತ್ತಿರುವಂತೆ ಕೇಳುತ್ತಿತ್ತು. ಕಂದ ಎಂದು ಮುಗಿದ ಮೇಲಿನ ಬಿಕ್ಕನ್ನೂ ಅರ್ಧ ಸೆಕೆಂಡಿನಷ್ಟು ಉಳಿಸಿಕೊಂಡೆ. ಮೇಡಂಗೆ ಒಂದು ಫೋನ್ ಮಾಡಿ ಕೇಳೋಣ ಎಂದು ಎರಡು ಸಲ ಫೋನ್ ಕೈಗೆ ತೆಗೆದುಕೊಂಡೆ. ಬೇಡ ಎನ್ನುತ್ತಾರೆ ಎಂದು ಖಾತ್ರಿಯಿದ್ದದ್ದರಿಂದ ಮಾಡಲಿಲ್ಲ. ಐದೂಮುಕ್ಕಾಲಿಗೆ ಹಾಡು ಕಳಿಸಿದೆ.

ಶನಿವಾರದ ಹೊತ್ತಿಗೆ ಆ ಹಾಡು ಇಲ್ಲದ ಫೋನೇ ಇರಲಿಲ್ಲ. ಸಂಜೆ ಜಯನಗರದ ಪಾರ್ಕಿಗೆ ಹೆಂಡತಿಯ ಜೊತೆ ವಾಕಿಂಗಿಗೆ ಹೋದೆ. ದಿನಾ ರಾಜಕೀಯಕ್ಕೆ ಕಿತ್ತಾಡುವ ರಿಟೈರಾದವರ ಗುಂಪೊಂದು ಕಲ್ಲುಬೆಂಚಿನ ಮೇಲೆ ಫೋನ್ ಇಟ್ಟುಕೊಂಡು ಸುತ್ತ ಕುಳಿತಿತ್ತು. ವಾಕಿಂಗ್ ಮಾಡುವವರು ಒಬ್ಬೊಬ್ಬರೇ ನಿಂತರು. ಸೌತೆಕಾಯಿ ಮಾರುವ ಹೆಂಗಸು ಚಾಕು ಕೆಳಗಿಟ್ಟಳು. ಕೊನೆಯ ಸಾಲು ಬಂತು. ಒಬ್ಬರು ಕನ್ನಡಕ ತೆಗೆದರು, ಇನ್ನೊಬ್ಬರು ಅವರ ಬೆನ್ನ ಮೇಲೆ ಕೈಯಿಟ್ಟರು. ಮುಗಿದ ಮೇಲೆ ಯಾರೋ "ಇನ್ನೊಂದು ಸಲ ಹಾಕ್ರೀ" ಎಂದರು. ನನ್ನ ಹೆಂಡತಿ ಕಣ್ಣೊರೆಸಿಕೊಂಡು, "ಒಂದು ವಾರದಿಂದ ಎದೇಲಿ ಏನೋ ಗಂಟು ಕಟ್ಟಿದಂಗಿತ್ತು ಕಣ್ರೀ. ಈಗ ಹಗುರ ಆಯ್ತು" ಎಂದಳು.

ಅದು ಸುಳ್ಳಲ್ಲ. ಆ ಹಾಡು ಜನಕ್ಕೆ ನಿಜವಾಗಿ ಸಮಾಧಾನ ಕೊಟ್ಟಿತು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆದರಿಕೆಯನ್ನು ಒಬ್ಬೊಬ್ಬರೇ ಇಟ್ಟುಕೊಂಡು ಕೂತವರಿಗೆ ಒಟ್ಟಿಗೆ ಕೂತು ಅಳಲು ಒಂದು ನೆಪ ಸಿಕ್ಕಿತು. ಅತ್ತು, ಹಗುರಾಗಿ, ಮನೆಗೆ ಹೋಗಿ ಊಟ ಮಾಡಿದರು. ನಾನೂ ಮಾಡಿದೆ. ಹಾಡಿನ ಕೊನೆಯಲ್ಲಿ ತ್ರಿವರ್ಣದ ಮೇಲೆ ಅಂಜನಾಪುರದ ಲೇಔಟಿನ ಹೆಸರು ಬರುತ್ತಿತ್ತು. ಅದನ್ನು ನೋಡಿ ಯಾರಿಗೂ ನಗು ಬರಲಿಲ್ಲ.

ಟೀವಿಯವರು ಹೆಸರಾಂತ ಗಾಯಕಿಯನ್ನು ಕೂರಿಸಿ, ಕೊನೆಯ ಸಾಲು ಹಾಡುವಾಗ ಏನನ್ನಿಸಿತು ಎಂದು ಕೇಳಿದರು. "ದೇಶದ ಎಲ್ಲಾ ತಾಯಂದಿರೂ ಕಣ್ಮುಂದೆ ಬಂದ್ರು, ತಡ್ಕೊಳೋಕಾಗ್ಲಿಲ್ಲ" ಎಂದರು ಅವರು. ಬಹುಶಃ ಅಷ್ಟು ಹೊತ್ತಿಗೆ ಅವರೂ ಅದನ್ನೇ ನಂಬಿದ್ದರು.

ಭಾನುವಾರ ಟ್ರ್ಯಾಕ್ ಹಾಡಿದ ಮೇಡಂ ಅವರಿಂದ ಒಂದು ಮೆಸೇಜ್ ಬಂತು. "ಹಾಡು ಕೇಳಿದೆ ಸಾರ್." ಅಷ್ಟೇ. ನಾನು ಉತ್ತರಿಸಲಿಲ್ಲ. ಅದಾಗಿ ಎರಡು ಸಲ ಫೋನ್ ಮಾಡಿದರು, ಎತ್ತಲಿಲ್ಲ. ಸೋಮವಾರ ಗಡಿಯಲ್ಲಿ ಗುಂಡು ನಿಂತಿತು. ಕೆಳಗಿನ ಅಂಗಡಿಯವನು ಲಡ್ಡು ಹಂಚಿದ.

ಬುಧವಾರ ಮಧ್ಯಾಹ್ನ ಅವರು ಹೇಳದೆ ಬಂದರು. ನಾನು ಚಪ್ಪಲಿ ಹಾಕಿಕೊಂಡು ಊಟಕ್ಕೆ ಹೊರಟಿದ್ದೆ, ತಪ್ಪಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ. ಒಳಗೆ ಬಂದು ಸೋಫಾದ ತುದಿಯಲ್ಲಿ ಕುಳಿತರು.

"ಮಗನ ಫೋನ್ ಬಂತು ಸಾರ್. ಚೆನ್ನಾಗಿದಾನೆ."

"ಅಬ್ಬ, ಎಂಥ ಒಳ್ಳೆ ಸುದ್ದಿ ಮೇಡಂ" ಎಂದೆ. ನಿಜವಾಗಿಯೂ ಸಂತೋಷವಾಗಿತ್ತು. ಎಲ್ಲ ಸುಖಾಂತವಾಯಿತು, ಇನ್ನು ನನ್ನ ತಪ್ಪು ತಪ್ಪೇ ಅಲ್ಲ ಎಂಬ ನಿರಾಳವೂ ಅದರಲ್ಲಿತ್ತು.

"ಫೋನ್ ವಾಪಸ್ ಕೊಟ್ರಂತೆ ಎಲ್ರಿಗೂ. ಅವನು ನನ್ನ ನಂಬರ್ ಒತ್ತೋ ಹೊತ್ತಿಗೆ, ಪಕ್ಕದಲ್ಲಿದ್ದ ನಮ್ಮ ಕಡೆ ಹುಡುಗ ಹಾಡು ಹಾಕಿದ್ನಂತೆ. ಕನ್ನಡದವರು ನಾಲ್ಕೈದು ಜನ ಕೂತು ಕೇಳಿದ್ರಂತೆ. ನಾನು ಹಲೋ ಅಂದೆ. ಅವನು ಮೊದಲು ಕೇಳಿದ್ದು, ಅಮ್ಮಾ, ಯಾಕೆ ಅಳ್ತಿದ್ದೆ ಅಂತ."

ನಾನು ತಲೆ ತಗ್ಗಿಸಿದೆ.

"ಅದು ದೊಡ್ಡ ಗಾಯಕಿ ಹಾಡಿರೋದು ಕಣೋ ಅಂದೆ. ಮೇಲಿರೋದು ಅವರ್ದು, ಕೆಳಗಿರೋದು ನಿಂದು ಅಂದ. ಮನೆ ಹಾಲಲ್ಲಿ ನನ್ನ ಪಾಠ ಕೇಳ್ಕೊಂಡೇ ಬೆಳೆದೋನು ಸಾರ್. ನಾನು ಎಲ್ಲಿ ಉಸಿರು ತಗೋತೀನಿ ಅಂತ ಅವನಿಗೆ ಗೊತ್ತಿಲ್ವಾ?"

"ಮೇಡಂ, ನಂದು ತಪ್ಪಾಯ್ತು. ಕಂಪನಿಯವರು ಫೀಲ್ ಇಲ್ಲ ಅಂದ್ರು..."

"ನಾನು ಜಗಳಕ್ಕೆ ಬಂದಿಲ್ಲ. ನೀವು ಅವತ್ತು ಮಾಡ್ತೀನಿ ಅಂದ್ರಲ್ಲ, ಅದನ್ನ ಈಗ ಮಾಡಿ. ನಾನು ನೋಡಬೇಕು."

ಕಂಪ್ಯೂಟರ್ ಹಾಕಿದೆ. ಅವರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ಮೂರನೇ ಟೇಕನ್ನು ಆರಿಸಿದೆ. ಖಂಡಿತ ಅಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಹೌದು ಎಂದೆ. ಬ್ಯಾಕಪ್ ಡಿಸ್ಕ್ ತೆಗೆದು ಅಲ್ಲಿಯದನ್ನೂ ಅಳಿಸಿದೆ. ಊರಿನ ಎಲ್ಲ ಫೋನುಗಳಲ್ಲೂ ಇದ್ದ ದನಿ ನನ್ನ ಸ್ಟುಡಿಯೋದಲ್ಲಿ ಮಾತ್ರ ಇಲ್ಲವಾಯಿತು. ಅದರಿಂದ ಏನೂ ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವರು ಬ್ಯಾಗು ಹೆಗಲಿಗೆ ಹಾಕಿಕೊಂಡರು.

"ಈಗ ದಿನಾ ವಿಡಿಯೋ ಕಾಲ್ ಮಾಡು ಅಂತಾನೆ. ಲೈಟ್ ಹಾಕು, ಮುಖ ಸರಿಯಾಗಿ ತೋರಿಸು ಅಂತಾನೆ. ಕೆಲಸ ಬಿಟ್ಟು ಬಂದ್ಬಿಡ್ಲಾ ಅಂತಾನೆ. ಇಷ್ಟು ವರ್ಷ ಚೆನ್ನಾಗಿದೀನಿ ಅಂದ್ರೆ ನಂಬ್ತಿದ್ದ ಸಾರ್. ಈಗ ನಂಬಲ್ಲ."

ಮೆಟ್ಟಿಲಿಳಿದು ಹೋದರು.

ಅವತ್ತೇ ಆ ದನಿ ಇಲ್ಲದ ಹೊಸ ಮಿಕ್ಸ್ ಮಾಡಿ ಕಳಿಸಿ, ಹಳೆಯದನ್ನು ತೆಗೆಸಿ ಎಂದು ಮ್ಯಾನೇಜರಿಗೆ ಕೇಳಿಕೊಂಡೆ. ಟ್ರ್ಯಾಕಿನ ವಿಷಯವನ್ನೂ ಬಾಯಿಬಿಟ್ಟು ಹೇಳಿದೆ. ಅವನು, "ಸಾರ್, ಅದರಲ್ಲೇ ಇರೋದು ಫೀಲು. ಜನ ಅದನ್ನೇ ಇಷ್ಟಪಟ್ಟಿರೋದು. ಈ ವಿಷಯ ನಮ್ಮಿಬ್ಬರಲ್ಲೇ ಇರ್ಲಿ" ಎಂದ. ನಾನು ಜೋರು ಮಾಡಲಿಲ್ಲ. ಜೋರು ಮಾಡಲು ನನಗೆ ಯಾವ ಮುಖವಿತ್ತು?

ಅದಾದ ಮೇಲೆ ಅವರು ಟ್ರ್ಯಾಕ್ ಹಾಡಲು ಬರಲಿಲ್ಲ, ನಾನೂ ಕರೆಯಲಿಲ್ಲ. ಸ್ವಾತಂತ್ರ್ಯ ದಿನದ ಬೆಳಿಗ್ಗೆ ಸ್ಟುಡಿಯೋದ ಹಿಂದಿನ ಶಾಲೆಯಲ್ಲಿ ಬಾವುಟ ಹಾರಿಸಿ ಅದೇ ಹಾಡು ಹಾಕಿದರು. ಮೂರು ನಿಮಿಷ ಹನ್ನೆರಡನೇ ಸೆಕೆಂಡಿಗೆ ಬರುವ ಬಿಕ್ಕು ಯಾರದ್ದು ಎಂದು ಗೊತ್ತಿರುವವನು ಆ ಬೀದಿಯಲ್ಲಿ ನಾನೊಬ್ಬನೇ. ಕಿಟಕಿ ಮುಚ್ಚಿದೆ. ಮನಸ್ಸು ತಡೆಯದೆ ಅವರಿಗೆ ಫೋನ್ ಮಾಡಿದೆ. ಎತ್ತುವುದಿಲ್ಲ ಅಂದುಕೊಂಡಿದ್ದೆ, ಎತ್ತಿದರು. ಮಗ ಹೇಗಿದ್ದಾನೆ ಎಂದು ಕೇಳಿದೆ. ರಜೆ ಸಿಕ್ಕಿಲ್ಲ ಎಂದರು. ಅವರ ಬೀದಿಯಲ್ಲೂ ಮೈಕಿನಲ್ಲಿ ಅದೇ ಹಾಡು ಓಡುತ್ತಿತ್ತು, ಕೊನೆಯ ಚರಣ.

"ನೀವು ಹೇಗಿದೀರಾ ಮೇಡಂ?" ಎಂದೆ.

"ನಾನು ಚೆನ್ನಾಗಿದೀನಿ ಸಾರ್" ಎಂದರು. ಅವರ ಮಗನಂತೆ ನಾನೂ ನಂಬಲಿಲ್ಲ.